ಡಬಲ್ ಹೊಲಿಗೆ ಹಾಕಿದ ಕಾರು

"ಕಾರು ಅಂದ್ರೆ ಏನು ಮಹಾ? ಮೇಲೆ ತಗಡಿನ ಕೋಟು, ಒಳಗೆ ಸೀಟಿನ ಲೈನಿಂಗು! ಮೂವತ್ತು ವರ್ಷ ಕೋಟು ಹೊಲಿದವನಿಗೆ ಇದ್ಯಾವ ಲೆಕ್ಕ?"

ಹೀಗೆಂದು ಘೋಷಿಸಿ ನಮ್ಮ ಟೈಲರು ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಕಾರಿನ ಬಾಗಿಲು ಎಳೆದರು. ಬಾಗಿಲು ಬರಲಿಲ್ಲ, ಅದರ ಹಿಡಿ ಬಂತು. ಟೈಲರು ಧೃತಿಗೆಡಲಿಲ್ಲ. ಹಿಡಿಯನ್ನು ಜೇಬಿಗೆ ಹಾಕಿಕೊಂಡು, ಕಿಟಕಿಯಲ್ಲಿ ಕೈ ತೂರಿಸಿ, ಒಳಗಿನಿಂದ ಬಾಗಿಲು ತೆಗೆದರು.

ಕಾರು ಮನೆಗೆ ಬಂದು ಎರಡು ದಿನವಾಗಿತ್ತು. ಮೀಟರು ಎರಡು ಲಕ್ಷದ ತೊಂಬತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಚಂದ್ರಲೋಕಕ್ಕೆ ಹೊರಟ ಗಾಡಿ ಮುಕ್ಕಾಲು ದಾರಿಯಲ್ಲಿ ಸುಸ್ತಾಗಿ ಇವರ ಮನೆ ಮುಂದೆ ಕುಸಿದು ಕೂತಿತ್ತು ಅನ್ನಿ! ಅಗ್ಗದಲ್ಲಿ ಹೊಡೆದೆ ಎಂದು ಟೈಲರು ಬೀಗುತ್ತಿದ್ದರು. ಆದರೆ ಕಾರು ನಿಜವಾಗಿ ಬೇಕಾಗಿದ್ದುದು ಅವರ ಹೆಂಡತಿ ನರ್ಸಮ್ಮನಿಗೆ. ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ದುಡಿದ ಮೇಲೆ ಆಕೆಗೊಂದು ದೊಡ್ಡ ಕೆಲಸ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಆಕೆಯೇ ಮುಖ್ಯಸ್ಥೆ! ಷರತ್ತು ಒಂದೇ. ಡ್ರೈವಿಂಗ್ ಪರೀಕ್ಷೆ ಪಾಸಾದ ಚೀಟಿಯನ್ನು ಶುಕ್ರವಾರ ಮಧ್ಯಾಹ್ನದೊಳಗೆ ಕಚೇರಿಗೆ ಕೊಡಬೇಕು. ಎರಡು ಸಲ ಹೋಗಿ, ಇನ್‌ಸ್ಪೆಕ್ಟರ್ ಕೂಗಿದೊಡನೆ ಗಾಬರಿಯಲ್ಲಿ ತಪ್ಪು ಪೆಡಲ್ ತುಳಿದು, ಫೇಲಾಗಿ ಬಂದಿದ್ದರು. ಮೂರನೆಯ ಪರೀಕ್ಷೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಅದೂ ಹೋದರೆ ಕೆಲಸ ಪಕ್ಕದ ವಾರ್ಡಿನ ಬಾಯಿಬಡುಕಿಯ ಪಾಲು.

"ರೀ, ಇಂಜಿನ್ ಓಡ್ತಿದೆ, ಬ್ರೇಕ್ ಹಿಡೀತಿದೆ. ನಂಗಷ್ಟೇ ಸಾಕು. ದಯವಿಟ್ಟು ಕೈ ಹಚ್ಚಬೇಡಿ" ಎಂದರು ನರ್ಸಮ್ಮ.

"ಸೀಟು ನೋಡಿದೀಯಾ? ಸ್ಪಂಜು ಹೊರಗೆ ಬಂದು ಅಣಕಿಸ್ತಿದೆ! ಟೈಲರ್ ಹೆಂಡ್ತಿ ಹರಿದ ಸೀಟಲ್ಲಿ ಕೂತು ಪರೀಕ್ಷೆಗೆ ಬಂದ್ಲು ಅಂದ್ರೆ ನಾಳೆಯಿಂದ ನನ್ನ ಅಂಗಡಿಗೆ ಯಾರು ಬರ್ತಾರೆ? ಎರಡೇ ದಿನ ಕಣೇ!"

ಟೈಲರ ಎರಡು ದಿನವೆಂದರೆ ಎಷ್ಟೆಂದು ಬಟ್ಟೆ ಕೊಟ್ಟವರಿಗೆಲ್ಲ ಗೊತ್ತು. ಕಟ್ಟಿಕೊಂಡವಳಿಗೆ ಗೊತ್ತಿಲ್ಲವೇ? ಆಕೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಸೀಟುಗಳೆಲ್ಲ ಮನೆಯೊಳಗೆ ಬಂದು ಕೂತಿದ್ದವು. ಜೊತೆಗೆ, ಕವರ್ ಹಾಕುವ ನೆಪದಲ್ಲಿ, ಸ್ಟೀರಿಂಗ್ ಚಕ್ರವೂ! ಸೀಟಿನಡಿಯಲ್ಲಿ ಸಿಕ್ಕಿದ ಏಳು ಪೆನ್ನು, ಒಂದು ಬಾಚಣಿಗೆ ಮತ್ತು ಯಾರದೋ ಹಲ್ಲುಸೆಟ್ಟನ್ನು ಟೈಲರು ಪೇಪರಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು.

"ಮೇಲ್ದವಡೆದು" ಎಂದಷ್ಟೇ ಹೇಳಿ ನರ್ಸಮ್ಮ ಕೈ ತೊಳೆಯಲು ಹೋದರು.

ಇನ್ನೊಂದು ಪೀಕಲಾಟ ಅಮ್ಮನದು. ಟೈಲರ ತಾಯಿ ಸುಮ್ಮನೆ ನೋಡೋಣವೆಂದು ಮುಂದಿನ ಸೀಟಿನಲ್ಲಿ ಕೂತು, ಪಕ್ಕದ ಹಿಡಿ ಎಳೆದರು. ಸೀಟು ಹಿಂದಕ್ಕೆ ವಾಲಿತು. ಅಮ್ಮ ಹತ್ತು ವರ್ಷದಿಂದ ಪೋಷಿಸಿಕೊಂಡು ಬಂದಿದ್ದ ಬೆನ್ನುನೋವು ಮಾಯ!

"ಇಷ್ಟು ಚೆನ್ನಾಗಿರೋ ಕುರ್ಚಿನ ಕಾರಿಗೆ ಹಾಕಿ ಯಾಕೋ ಹಾಳು ಮಾಡ್ತೀಯ?" ಎಂದು ಅಮ್ಮ ಅಲ್ಲಿಂದ ಏಳಲೇ ಇಲ್ಲ. ಟೀ, ತಿಂಡಿ, ಮಧ್ಯಾಹ್ನದ ನಿದ್ದೆ, ಎಲ್ಲ ಅಲ್ಲೇ.

ಮರುದಿನ ಟೈಲರು ಅಳತೆಗೆ ನಿಂತರು. ಸೀಟಿನ ಅಳತೆಯಲ್ಲ, ಹೆಂಡತಿಯ ಅಳತೆ.

"ಉಸಿರು ಎಳ್ಕೋ. ಹಾಂ, ಬಿಡು."

"ರೀ, ನೀವು ಹೊಲೀತಿರೋದು ಸೀಟಿಗೋ, ನಂಗೋ?"

"ಫಿಟ್ಟಿಂಗ್ ಕಣೇ, ಫಿಟ್ಟಿಂಗ್! ಒಳಗೆ ಎರಡಿಂಚು ಬಟ್ಟೆನೂ ಬಿಟ್ಟಿರ್ತೀನಿ. ಮುಂದೆ ದಪ್ಪ ಆದ್ರೆ ಬಿಚ್ಚಬಹುದು."

"ಯಾರು ದಪ್ಪ ಆಗೋದು? ಸೀಟಾ?"

ಟೈಲರು ಜಾಣರಾಗಿ ಅಳತೆಪಟ್ಟಿ ಸುತ್ತಿಕೊಂಡು ಹೊಲಿಗೆ ಯಂತ್ರದತ್ತ ನಡೆದರು.

ಬುಧವಾರವೂ ಬಂತು. ಕಾರು ಮಾತ್ರ ಹೊರಗೆ ಬೊಕ್ಕಬಾಯಿ ಬಿಟ್ಟುಕೊಂಡು ನಿಂತೇ ಇತ್ತು. ಅಭ್ಯಾಸ ಮಾಡುವುದಾದರೂ ಎಲ್ಲಿ? ನರ್ಸಮ್ಮ ಸೆರಗು ಬಿಗಿದು ಮನೆಯೊಳಗೇ ಸೀಟಿನಲ್ಲಿ ಕೂತರು. ಕೈಯಲ್ಲಿ ಸ್ಟೀರಿಂಗ್ ಚಕ್ರ. ಕಾಲಬಳಿ ಮೂರು ಚಪ್ಪಲಿ. ಎಡಗಡೆಯದು ಕ್ಲಚ್, ನಡುವಿನದು ಬ್ರೇಕ್, ಬಲಗಡೆಯದು ಆಕ್ಸಿಲರೇಟರ್. ಪಕ್ಕದ ಸೀಟಿನಲ್ಲಿ ಅಮ್ಮ ಇದ್ದೇ ಇದ್ದರಲ್ಲ!

"ನಿಧಾನ! ಅಯ್ಯೋ, ನಿಧಾನ ಕಣಮ್ಮಾ! ತಿರುವಿದೆ!"

"ಅತ್ತೆ, ನಾವು ಮನೆ ಒಳಗಿದ್ದೀವಿ."

"ಮನೆ ಒಳಗೇ ಇಷ್ಟು ಜೋರಾಗಿ ಓಡಿಸ್ತೀಯಲ್ಲ, ರಸ್ತೆಗಿಳಿದ್ರೆ ಗತಿ ಏನು? ಹಾರ್ನ್ ಹೊಡಿ, ಹಾರ್ನ್!"

ಎರಡು ದಿನ ಹೀಗೇ ನಡೆಯಿತು. ನರ್ಸಮ್ಮ ಬ್ರೇಕ್ ತುಳಿದಾಗಲೆಲ್ಲ ಅಮ್ಮ ಮುಂದಕ್ಕೆ ಮುಗ್ಗರಿಸುತ್ತಿದ್ದರು. ಚಪ್ಪಲಿ ತುಳಿದರೆ ಸೀಟು ಯಾಕೆ ಅಲ್ಲಾಡಬೇಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಂತೂ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅಮ್ಮನನ್ನು ಎಬ್ಬಿಸಿ, ಸೀಟುಗಳನ್ನೂ ಸ್ಟೀರಿಂಗ್ ಚಕ್ರವನ್ನೂ ಕಾರಿಗೆ ಬಿಗಿದದ್ದಾಯಿತು. ನಿಜಕ್ಕೂ ಕಣ್ಣು ಕುಕ್ಕುವ ಕೆಲಸ! ಕಾಫಿ ಬಣ್ಣದ ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್, ಉದ್ದಕ್ಕೂ ಡಬಲ್ ಹೊಲಿಗೆ. ಒಂದೇ ಒಂದು ದಾರ ಹೊರಗೆ ಇಣುಕುವಂತಿಲ್ಲ. ಟೈಲರು ತಾವೇ ಗಾಡಿ ಓಡಿಸಿದರು. ನರ್ಸಮ್ಮ ಹಿಂದೆ ಕಣ್ಣುಮುಚ್ಚಿ ಕೂತು ಕ್ಲಚ್, ಗೇರ್ ಎಂದು ಗೊಣಗುತ್ತಿದ್ದರು. ಹೊತ್ತಾದ ಗಡಿಬಿಡಿಯಲ್ಲಿ ಸೀಟ್ ಬೆಲ್ಟಿನ ನೆನಪು ಇಬ್ಬರಿಗೂ ಬರಲಿಲ್ಲ.

ಪರೀಕ್ಷೆಯ ಮೈದಾನದಲ್ಲಿ ನರ್ಸಮ್ಮ ಮುಂದೆ ಬಂದು ಕೂತರು. ಇನ್‌ಸ್ಪೆಕ್ಟರ್ ಹೊರಗಿನಿಂದಲೇ ಕಿಟಕಿಯಲ್ಲಿ ಇಣುಕಿದರು. ನಕ್ಕರೆ ಸಂಬಳ ಕಡಿತವಾದೀತು ಎಂಬಂತಹ ಮುಖ.

"ಸೀಟು ಚೆನ್ನಾಗಿದೆ."

"ನಂದೇ ಕೈ ಸಾರ್!" ಟೈಲರ ಎದೆ ಎರಡಿಂಚು ಉಬ್ಬಿತು.

"ಬೆಲ್ಟ್ ಹಾಕ್ಕೊಳ್ಳಿ ಮೇಡಂ."

ನರ್ಸಮ್ಮ ಬೆಲ್ಟ್ ಎಳೆದರು. ತುದಿ ಕೈಯಲ್ಲಿದೆ, ಸಿಕ್ಕಿಸುವ ಬಕಲ್ ಇಲ್ಲ! ಪಕ್ಕ ತಡಕಿದರು, ಅಡಿಯಲ್ಲಿ ತಡಕಿದರು. ಎಲ್ಲೆಲ್ಲೂ ನುಣುಪಾದ ರೆಕ್ಸಿನ್.

"ರೀ, ಕೆಂಪು ಗುಂಡಿ ಇರೋ ಬಕಲ್ ಎಲ್ಲಿ?"

"ಅದಾ? ಸೀಟಿನ ಪಕ್ಕ ಅಸಹ್ಯವಾಗಿ ಹೊರಗೆ ಚಾಚ್ಕೊಂಡಿತ್ತು ಕಣೇ. ನೀಟಾಗಿ ಕಾಣ್ಲಿ ಅಂತ ಒಳಗೆ ಮಡಚಿ ಹೊಲಿದ್ಬಿಟ್ಟೆ."

"ಇದೊಂದನ್ನೇನಾ?"

"ಎಲ್ಲಾನೂ. ಒಂದು ಮುಚ್ಚಿ ಒಂದು ಬಿಟ್ರೆ ಚೆನ್ನಾಗಿರಲ್ವಲ್ಲ!"

"ಬೆಲ್ಟ್ ಇಲ್ದೆ ಪರೀಕ್ಷೆ ಇಲ್ಲ" ಎಂದರು ಇನ್‌ಸ್ಪೆಕ್ಟರ್. "ಎರಡು ತಿಂಗಳು ಬಿಟ್ಟು ಬನ್ನಿ. ಮುಂದಿನವರು ಯಾರು?"

ಹದಿನೆಂಟು ವರ್ಷದ ದುಡಿಮೆ ಒಂದು ಹೊಲಿಗೆಯೊಳಗೆ ಸಿಕ್ಕಿಕೊಂಡಿತ್ತು. ನರ್ಸಮ್ಮನ ಕಣ್ಣು ತುಂಬಿತು. ಆದರೆ ಆಕೆ ತುರ್ತು ವಾರ್ಡಿನಲ್ಲಿ ಪಳಗಿದ ಹೆಂಗಸು. "ಸಾರ್, ಒಂದೇ ನಿಮಿಷ" ಎಂದು ಕೈಚೀಲಕ್ಕೆ ಕೈಹಾಕಿ, ಬ್ಯಾಂಡೇಜು ಕತ್ತರಿಸುವ ಕತ್ತರಿ ತೆಗೆದರು.

"ಕತ್ತರಿನಾ! ಬೇಡ ಕಣೇ! ಒಂದೊಂದೇ ದಾರ ಬಿಡಿಸ್ತೀನಿ, ಅರ್ಧ ಗಂಟೆ ಕೊಡು. ಬಟ್ಟೆಗೆ ಗಾಯ ಆಗುತ್ತೆ!"

ಆಕೆ ಕಿವಿಗೊಡಲಿಲ್ಲ. ನರ ಹುಡುಕುವಂತೆ ಎರಡು ಬೆರಳಲ್ಲಿ ಸೀಟಿನ ಪಕ್ಕ ಒತ್ತಿ ನೋಡಿ, "ಇಲ್ಲಿದೆ" ಎಂದು ಒಂದೇ ಏಟಿಗೆ ಸೀಳಿದರು. ಟೈಲರು ಕಣ್ಣು ಮುಚ್ಚಿಕೊಂಡರು. ಬಕಲ್ ಹೊರಗೆ ಬಂತು. ಟಕ್! ಬೆಲ್ಟ್ ಸಿಕ್ಕಿಕೊಂಡಿತು. "ಸರಿ, ಹೊರಡಿ" ಎಂದರು ಇನ್‌ಸ್ಪೆಕ್ಟರ್.

"ಎಡಕ್ಕೆ! ನಿಧಾನ! ಹಿಂದೆ ತಗೊಳ್ಳಿ! ಏನ್ರೀ ಮಾಡ್ತಿದೀರಾ?" ಇನ್‌ಸ್ಪೆಕ್ಟರ್ ಕೂಗಿದರು, ಕಿರುಚಿದರು, ಸೀಟಿ ಊದಿದರು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ದಿನ ಗಾಡಿ ಓಡಿಸಿದವಳಿಗೆ ಇವರದ್ಯಾವ ಕೂಗು? ನರ್ಸಮ್ಮ ಮೈದಾನವನ್ನು ಸಲೀಸಾಗಿ ಸುತ್ತಿ, ಗೆರೆಯ ಮೇಲೆ ಗಾಡಿ ನಿಲ್ಲಿಸಿದರು.

ಪಾಸು! ಚೀಟಿಗೆ ಸಹಿ ಬಿತ್ತು. ಟೈಲರು ಕಣ್ಣೊರೆಸಿಕೊಂಡರು. ಹೆಂಡತಿ ಗೆದ್ದಳೆಂಬ ಸಂತೋಷ ಉಕ್ಕಿ ಬಂದಿತ್ತು, ಸೀಳಿದ ರೆಕ್ಸಿನ್ನಿನ ಸಂಕಟವೂ ಅದರೊಳಗೆ ಒಂದಿಷ್ಟು ಬೆರೆತಿತ್ತು. "ನಡಿ, ಕಚೇರಿಗೆ ಹೋಗಿ ಚೀಟಿ ಕೊಟ್ಟು ಬರೋಣ" ಎಂದು ಗತ್ತಿನಿಂದ ಹೆಂಡತಿಯ ಪಕ್ಕದ ಸೀಟು ಹತ್ತಿದರು.

"ಬೆಲ್ಟ್ ಹಾಕ್ಕೊಳ್ಳಿ" ಎಂದರು ನರ್ಸಮ್ಮ.

ಟೈಲರು ಪಕ್ಕಕ್ಕೆ ನೋಡಿದರು. ಆ ಸೀಟಿನ ಬಕಲ್ ಡಬಲ್ ಹೊಲಿಗೆಯೊಳಗೆ ಹಾಯಾಗಿ ಮಲಗಿತ್ತು. ಹಿಂದಿನ ಸೀಟಿನದೂ ಅಷ್ಟೇ. ಇನ್‌ಸ್ಪೆಕ್ಟರ್ ಇನ್ನೂ ಅಲ್ಲೇ ನಿಂತು ನೋಡುತ್ತಿದ್ದರು.

"ಆ ಕತ್ತರಿ ಕೊಡೇ" ಎಂದರು ಮೆಲ್ಲಗೆ.

"ಛೆ ಛೆ, ಬೇಡ ರೀ! ಎಷ್ಟು ಕಷ್ಟಪಟ್ಟು ಹೊಲಿದಿದೀರ. ಇಳೀರಿ, ನಂಗೆ ಹೊತ್ತಾಯ್ತು."

ಕಾರು ಹೊರಟುಹೋಯಿತು. ಟೈಲರು ಬಿಸಿಲಿನಲ್ಲಿ ಮುಖ್ಯರಸ್ತೆಯವರೆಗೂ ನಡೆದು ಬಸ್ಸು ಹತ್ತಿದರು. ಬಸ್ಸಿನಲ್ಲಿ ಸೀಟಿರಲಿಲ್ಲ.