ಉಳಿಯ ಜಾಗಕ್ಕೆ ಬಂದ ಯಂತ್ರ

ಸಮಾಧಿಗೆ ಕಲ್ಲು ಕೆತ್ತುವ ಅಂಗಡಿಯಲ್ಲಿ ನಗುವಂಥದ್ದು ಏನು ನಡೆದೀತು ಎಂದು ಕೇಳುವವರುಂಟು. ನಡೆಯುತ್ತಲೇ ಇರುತ್ತದೆ. ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು, ಪ್ರತಿಯೊಂದು ಕೆಲಸವನ್ನೂ ಪುಸ್ತಕದಲ್ಲಿ ಬರೆದಿಡುವುದು ನನ್ನ ಪದ್ಧತಿ. ತಪ್ಪುಗಳನ್ನೂ ಬಿಟ್ಟಿಲ್ಲ.

ಬೋಳಾರದ ನಮ್ಮ ಅಂಗಡಿಯಲ್ಲಿ ನನ್ನ ಗಂಡ ನಲವತ್ತು ವರ್ಷ ಉಳಿ ಹಿಡಿದು ಅಕ್ಷರ ಕೆತ್ತಿದವರು. ಅವರ ಬಲಗೈಗೆ ನಡುಕ ಬಂದ ಮೇಲೆ ಕಂಪ್ಯೂಟರಿನ ಕೆತ್ತನೆ ಯಂತ್ರ ತಂದೆವು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಅದಕ್ಕೆ ಪ್ರೋಗ್ರಾಂ ಬರೆಯುವವಳು ನಾನು. ಅವರು ಹೊರಗೆ ಕುರ್ಚಿ ಹಾಕಿ ಕುಳಿತುಬಿಟ್ಟರು. ಒಳಗೆ ಕಾಲಿಡಲಿಲ್ಲ. ಅವರನ್ನು ಮತ್ತೆ ಕೆಲಸಕ್ಕೆ ಕರೆತರುವುದು ಹೇಗೆ ಎಂಬುದೇ ನನ್ನ ಚಿಂತೆಯಾಗಿತ್ತು.

೧. ಮೊದಲ ಫಲಕ

ಉರ್ವದ ಒಂದು ಮನೆಗೆ ಮರದ ಹೆಸರುಫಲಕ. ಅಕ್ಷರಗಳನ್ನು ಮೊದಲು ಕೆತ್ತಿ, ಸುತ್ತಲಿನ ಅಂಚನ್ನು ಕೊನೆಗೆ ಕತ್ತರಿಸಬೇಕು. ನಾನು ತಿರುಗಾಮುರುಗಾ ಬರೆದಿದ್ದೆ. ಯಂತ್ರ ಅಂಚು ಕತ್ತರಿಸಿತು, ಫಲಕ ಹಲಗೆಯಿಂದ ಬಿಡಿಯಾಯಿತು. ಎರಡನೆಯ ಅಕ್ಷರಕ್ಕೆ ಅಲಗು ತಾಗಿದ್ದೇ ತಡ, ಫಲಕ ಗಿರ್ರನೆ ತಿರುಗಿ ಬಾಗಿಲು ದಾಟಿ ಹಾರಿತು.

ಹೊರಗಿನಿಂದ ಗಂಡನ ಧ್ವನಿ: "ಹೆಸರು ಇನ್ನೂ ಬರೆದಾಗಲಿಲ್ಲ, ಆಗಲೇ ಮನೆಗೆ ಹೊರಟಿತಾ?"

೨. ಗಾಳಿಯಲ್ಲಿ ಕೆತ್ತನೆ

ಆಮೇಲೆ ನಾನೊಂದು ನಿಯಮ ಮಾಡಿಕೊಂಡೆ. ಪ್ರೋಗ್ರಾಂ ಸರಿ ಉಂಟೋ ಎಂದು ನೋಡಲು ಅಲಗನ್ನು ಕಲ್ಲಿಗಿಂತ ಒಂದು ಇಂಚು ಮೇಲೆಯೇ ಇಟ್ಟು, ಪೂರ್ತಿ ಒಮ್ಮೆ ಓಡಿಸುವುದು. ಹೊಸ ಮನೆಗೆ ಕಲ್ಲಿನ ಫಲಕ ಹೇಳಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ಆ ಹೊತ್ತಿಗೇ ಬಂದರು. ಯಂತ್ರ ಓಡುವುದನ್ನು ಕಂಡವರೇ ದುಬೈಯಲ್ಲಿದ್ದ ತಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಮುಕ್ಕಾಲು ಗಂಟೆ ಫೋನ್ ಹಿಡಿದು ನಿಂತರು. ಯಂತ್ರ ನಿಂತ ಮೇಲೆ ಕಲ್ಲಿನ ಹತ್ತಿರ ಬಗ್ಗಿ ನೋಡಿದರು.

"ಎಂತ ಬಾಯಮ್ಮ, ಒಂದು ಅಕ್ಷರವೂ ಇಲ್ಲವಲ್ಲ!"

ಬಾಗಿಲಿನಾಚೆಯಿಂದ ನನ್ನ ಗಂಡ ಹೇಳಿದರು: "ಅದು ರಿಹರ್ಸಲ್ ಸಾಹೇಬರೇ. ತಮ್ಮನಿಗೆ ಹೇಳಿ, ನಾಟಕ ಇನ್ನು ಮೇಲೆ ಉಂಟು."

೩. ಕಾವೂರಿನ ಟೀಚರ್

ಕಾವೂರಿನ ನಿವೃತ್ತ ಟೀಚರೊಬ್ಬರು ಗಂಡನ ಸಮಾಧಿಗೆ ಕಲ್ಲು ಕೇಳಿ ಬಂದರು. ಪಕ್ಕದಲ್ಲೇ ಅವರ ಮಾವನ ಸಮಾಧಿ. ಅದರ ಕಲ್ಲು ಕೆತ್ತಿದವರು ನನ್ನ ಗಂಡ. ಯಂತ್ರ ಕೆತ್ತಿದ ಮಾದರಿಯ ಮೇಲೆ ಟೀಚರ್ ಬೆರಳಾಡಿಸಿದರು.

"ಚಂದ ಉಂಟು. ಆದರೆ ಬ್ಯಾಂಕಿನ ಬೋರ್ಡಿನ ಹಾಗೆ ಉಂಟು. ನಮ್ಮವರು ಅಪ್ಪನ ಪಕ್ಕದಲ್ಲಿ ಪರಕೀಯರ ಹಾಗೆ ಮಲಗುವುದು ಬೇಡ."

ನಾನು ಹೋಗಿ ಹಳೆಯ ಕಲ್ಲಿನ ಫೋಟೋ ತೆಗೆದು ತಂದೆ. ಒಂದು ಅಕ್ಷರದ ಹಾಗೆ ಇನ್ನೊಂದಿಲ್ಲ; ಎಲ್ಲ ಗೆರೆಯಲ್ಲೂ ಕೈಯ ಸಣ್ಣ ಅಲುಗಾಟ. ಅದನ್ನು ತರಲು ಪ್ರೋಗ್ರಾಮಿನಲ್ಲಿ ಒಂದೊಂದೇ ಬಿಂದುವನ್ನು ಕೂದಲೆಳೆಯಷ್ಟು ಸರಿಸುತ್ತ ಕುಳಿತೆ. ಮೂರನೆಯ ದಿನ ಗಂಡ ಬಾಗಿಲಲ್ಲಿ ನಿಂತರು.

"ಎಂತ ಮಾಡ್ತಾ ಇದ್ದೀ?"

"ಗೆರೆ ತೀರಾ ನೆಟ್ಟಗೆ ಉಂಟಂತೆ. ಸ್ವಲ್ಪ ನಡುಗಿಸ್ತಾ ಇದ್ದೇನೆ."

"ಬಂತಾ?"

"ಇಲ್ಲ. ನೋಡಿದರೆ ಸುಳ್ಳು ಅಂತ ಗೊತ್ತಾಗ್ತದೆ."

ಅವರು ಒಳಗೆ ಬಂದರು. ಬಲಗೈಯನ್ನು ನನ್ನ ಮುಖದ ಮುಂದೆ ಚಾಚಿದರು. ಅದು ಎಂದಿನಂತೆ ನಡುಗುತ್ತಿತ್ತು.

"ಏಳು ಮಾರಾಯ್ತಿ, ಉಳಿ ಎಲ್ಲಿಟ್ಟಿದ್ದೀ? ಮೂರು ದಿನದಿಂದ ಆ ಯಂತ್ರಕ್ಕೆ ನಡುಗಲು ಟ್ಯೂಷನ್ ಕೊಡ್ತಾ ಇದ್ದೀ. ಇಲ್ಲಿ ಪಾಸಾದವನೊಬ್ಬ ಹೊರಗೆ ಸುಮ್ಮನೆ ಕೂತಿದ್ದಾನೆ!"