ನಮ್ಮಮ್ಮನ ಕಣ್ಣಿಗೆ ಆಪರೇಷನ್ ಮಾಡಿ ಮುಗಿಸಿದ ಕಂಪ್ಯೂಟರಿಗೆ

ಕಣ್ಣಾಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ವಿರಾಜಮಾನರಾಗಿರುವ ಮಾನ್ಯ ಕಂಪ್ಯೂಟರ್ ವ್ಯವಸ್ಥೆಯವರೇ,

ತಮ್ಮ ಪಾದಗಳಿಗೆ, ಅವು ಇಲ್ಲವಾದ್ದರಿಂದ ತಮ್ಮ ಕೀಲಿಮಣೆಗೆ, ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಬಲಗಣ್ಣಿನ ಪೊರೆ ತೆಗೆಸಲೆಂದು, ಎಡಗಣ್ಣು ಮೊದಲೇ ಕಾಣದ ನಮ್ಮ ತಾಯಿಯವರನ್ನು ನಾನು ಕೈಹಿಡಿದು ಕರೆತಂದಾಗ, ಆ ಆಪರೇಷನ್ ಆಗಲೇ ಯಶಸ್ವಿಯಾಗಿ ಮುಗಿದಿದೆಯೆಂದು ತಾವು ಘೋಷಿಸಿ, ಸೇವೆ ಹೇಗಿತ್ತೆಂದು ನಕ್ಷತ್ರ ಒತ್ತಲು ಹೇಳಿದಿರಿ. ಕತ್ತರಿಯಿಲ್ಲದೆ, ಔಷಧಿಯಿಲ್ಲದೆ, ರೋಗಿಯ ಮುಖವನ್ನೂ ನೋಡದೆ ಆಪರೇಷನ್ ಮಾಡುವ ತಮ್ಮ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ತೊಡಕು ಒಂದೇ, ಒತ್ತೋಣವೆಂದರೆ ಅಮ್ಮನಿಗೆ ಆ ನಕ್ಷತ್ರಗಳು ಕಾಣಿಸಲಿಲ್ಲ.

ತಮ್ಮನ್ನು ಬೈಯೋಣವೆಂದರೆ ನಾಲಿಗೆ ಹೊರಳುತ್ತಿಲ್ಲ, ಏಕೆಂದರೆ ತಮ್ಮನ್ನು ಹೆತ್ತವರಲ್ಲಿ ನಾನೂ ಒಬ್ಬಳು. ಒಬ್ಬರೇ ಹೆತ್ತಿದ್ದರೆ ತಾವು ಹೀಗಾಗುತ್ತಿರಲಿಲ್ಲವೇನೋ. ದೇಶದೇಶಗಳಲ್ಲಿ ತಮ್ಮಂಥವರನ್ನು ಬರೆಯುವ ಡೆವಲಪರುಗಳು ಹೆಚ್ಚುತ್ತಿರುವ ವೇಗಕ್ಕೆ ಕುರ್ಚಿ ಮಾಡುವವರೇ ಸೋತುಹೋಗಿದ್ದಾರೆ. ಈ ತಿಂಗಳು ಸೇರಿದವನಿಗೆ ಹೋದ ತಿಂಗಳು ಸೇರಿದವಳು ಗುರು. ದೂರದ ಶ್ರೀಮಂತ ದೇಶದ ಆಸ್ಪತ್ರೆಯೊಂದು ತಮ್ಮನ್ನು ಬಯಸಿತು. ಅಲ್ಲಿನ ಕಂಪನಿ ಆ ಕೆಲಸವನ್ನು ಅಗ್ಗವೆಂದು ನಮಗೆ ಕೊಟ್ಟಿತು. ನಮ್ಮ ಕಂಪನಿ ಇನ್ನೂ ಅಗ್ಗವೆಂದು ಅರ್ಧವನ್ನು ಮೂರನೆಯ ದೇಶಕ್ಕೆ ದಾಟಿಸಿತು. ಹೀಗೆ ಮೂರು ಕಡೆ ಬಸುರಾಗಿ ತಾವು ಜನಿಸಿದಿರಿ.

ರೋಗಿಯ ಹೆಸರಿನ ಮುಂದೆ ಮನೆತನದ ಹೆಸರು ಕಡ್ಡಾಯ, ಇಲ್ಲದಿದ್ದರೆ ಒಳಗೆ ಬಿಡಬೇಡ ಎಂದು ಆ ದೂರದ ಆಸ್ಪತ್ರೆಯಿಂದ ಅಪ್ಪಣೆ ಬಂದಿತ್ತು. ನಮ್ಮ ತಂಡದ ಅರ್ಧಕ್ಕರ್ಧ ಜನರಿಗೆ ಮನೆತನದ ಹೆಸರೇ ಇಲ್ಲ. ನನಗಿಲ್ಲ, ನಮ್ಮಮ್ಮನಿಗಿಲ್ಲ. ಆದರೂ ಒಂದು ನರಪಿಳ್ಳೆಯೂ ತುಟಿಪಿಟಕ್ಕೆನ್ನಲಿಲ್ಲ. ಪರೀಕ್ಷೆಗೆಂದು ಎಲ್ಲ ರೋಗಿಗಳಿಗೂ ಸಾಹೇಬರ ದೇಶದ ಮನೆತನಗಳನ್ನೇ ದಯಪಾಲಿಸಿ, ಎಲ್ಲವೂ ಸರಿಯಿದೆಯೆಂದು ಬೆನ್ನು ತಟ್ಟಿಕೊಂಡೆವು. ಮನೆತನದ ಹಮ್ಮಿಗೆ ಧಿಕ್ಕಾರವೆಂದು ಬೀದಿಯಲ್ಲಿ ಗಂಟಲು ಹರಿದುಕೊಂಡವಳು ನಾನು. ಅದೇ ನಾನು ಮನೆತನವಿಲ್ಲದವರ ಮುಖಕ್ಕೆ ಬಾಗಿಲು ಬಡಿಯುವ ಸಾಲನ್ನು ಕೈಯಾರೆ ಬರೆದು, ಕೆಲಸ ಕೊಟ್ಟ ಕ್ಲೈಂಟಿನ ಕರೆಯಲ್ಲಿ ಮೈಕು ಮುಚ್ಚಿಕೊಂಡು ಕೂತಿದ್ದೆ. ಕ್ರಾಂತಿಯೂ ಆಫೀಸಿನ ಹೊತ್ತು ಮುಗಿದ ಮೇಲೆಯೇ ಆಗಬೇಕಲ್ಲವೇ?

ಆಮೇಲೆ ನಮ್ಮೂರಿನ ಈ ಆಸ್ಪತ್ರೆ ತಮ್ಮನ್ನು ವಿದೇಶಿ ಗುಣಮಟ್ಟದ ಸರಕೆಂದು ಕೊಂಡುತಂದು ಕೌಂಟರಿನಲ್ಲಿ ಕೂರಿಸಿತು. ಹೋದ ವಾರ ಹೆಸರು ಬರೆಸುವಾಗ ಅಮ್ಮನ ಒಂಟಿ ಹೆಸರನ್ನು ತಾವು ಒಪ್ಪದಿದ್ದಾಗ, ಕೌಂಟರಿನ ಗುಮಾಸ್ತೆ "ಮನೆತನದ ಜಾಗದಲ್ಲಿ 'ಇಲ್ಲ' ಅಂತಲೇ ಹಾಕ್ತೀನಿ ಬಿಡಿ ಮೇಡಂ, ಎಲ್ರಿಗೂ ಹಾಗೇ ಹಾಕೋದು" ಎಂದು ದಾರಿ ತೋರಿದರು. ಹೀಗೆ ಈ ಊರಿನ ಬಡಬಗ್ಗರೆಲ್ಲ 'ಇಲ್ಲ' ಎಂಬ ಒಂದೇ ಮನೆತನಕ್ಕೆ ಸೇರಿಹೋದರು. ಹೆಸರೂ ಮನೆತನವೂ ಒಂದೇ ಆದರೆ ಮನುಷ್ಯರೂ ಒಬ್ಬರೇ ಎಂಬುದು ತಮ್ಮ ದರ್ಶನ. ಹುಟ್ಟಿದ ತಾರೀಖನ್ನೂ ಹೋಲಿಸಿ ನೋಡುವ ಕೆಲಸ ಮೂರನೆಯ ದೇಶದವರದೆಂದು ನಾವು, ನಮ್ಮದೆಂದು ಅವರು, ಪರಸ್ಪರ ಅಪಾರ ಗೌರವದಿಂದ ಬಿಟ್ಟುಕೊಟ್ಟಿದ್ದೆವು. ಆದ್ದರಿಂದ ಅಮ್ಮನದೇ ಹೆಸರಿನ ಇನ್ನೊಬ್ಬ ತಾಯಿಗೆ ಆಪರೇಷನ್ ಆದ ಕೂಡಲೇ, ತಾವು ನಮ್ಮಮ್ಮನನ್ನೂ ಗುಣಪಡಿಸಿಬಿಟ್ಟಿರಿ.

ವೈದ್ಯರು ಟಾರ್ಚು ಬಿಟ್ಟು ನೋಡಿ, ಪೊರೆ ಪರದೆಯ ಹಾಗೆ ಕೂತಿದೆಯೆಂದು ಒಪ್ಪಿಕೊಂಡರು. ಆದರೆ "ಸಿಸ್ಟಮ್ಮಲ್ಲಿ ಆಗಿದೆ ಅಂತಿದೆಯಲ್ಲಮ್ಮಾ, ಅದೇ ಕಣ್ಣಿಗೆ ಇನ್ನೊಂದ್ಸಲ ಕೈಹಾಕಿದ್ರೆ ನನ್ನ ಕೆಲಸ ಹೋಗುತ್ತೆ" ಎಂದು ಕೈ ತೊಳೆದುಕೊಂಡರು. ಈ ಕಂಪ್ಯೂಟರನ್ನು ಬರೆದದ್ದು ಯಾರೆಂದು ನಾನು ತಲೆತಗ್ಗಿಸಿ ಹೇಳಿದಾಗ, ಅಮ್ಮ ಧ್ವನಿ ಬಂದ ಕಡೆಗೆ ತಿರುಗಿ, "ನೀನಾ? ಹೊರಗೆ ಯಾರ ಹತ್ರಾನೂ ಬಾಯಿಬಿಡಬೇಡ ಕಣೇ, ಹೊಲಿಗೆ ಕಲೀತಿದ್ದಾಳೆ ಅಂತ ಹೇಳ್ತೀನಿ" ಎಂದರು. ಅವರು ದಾರಿಯುದ್ದಕ್ಕೂ ನನ್ನ ಭುಜ ಹಿಡಿದು, ಮೆಟ್ಟಿಲನ್ನು ಕಾಲಲ್ಲೇ ತಡಕುತ್ತ ಇಳಿದರು.

ಆದ ಕಾರಣ ದೊಡ್ಡ ಮನಸ್ಸು ಮಾಡಿ, ಆ ಇನ್ನೊಬ್ಬ ತಾಯಿಯ ಕಣ್ಣನ್ನು ದಿನಕ್ಕೆ ಅರ್ಧ ಹೊತ್ತು ನಮ್ಮಮ್ಮನಿಗೆ ಎರವಲು ಕೊಡಿಸಬೇಕು. ಇಲ್ಲವೇ ಮನೆತನವುಳ್ಳ ಯಾರಾದರೂ ಅಮ್ಮನನ್ನು ದತ್ತು ತೆಗೆದುಕೊಳ್ಳುವಂತೆ ಏರ್ಪಾಡು ಮಾಡಬೇಕು. ಎರಡೂ ಆಗದಿದ್ದರೆ, ತಮ್ಮನ್ನು ಬರೆದ ನಮ್ಮನ್ನೆಲ್ಲ ತಮ್ಮದೇ ಕೌಂಟರಿನ ಸರದಿಯಲ್ಲಿ ನಿಲ್ಲಿಸಿ; ಸಂಜೆಯೊಳಗೆ ನಮಗೂ ಆಪರೇಷನ್ ಆಗಿರುತ್ತದೆ. ಬೆನ್ನುಮೂಳೆ ಜೋಡಿಸುವ ಆಪರೇಷನ್ ಇದ್ದರೆ ಅದನ್ನೇ ನಮೂದಿಸಿಕೊಳ್ಳಿ.

ಹೆತ್ತ ತಪ್ಪಿಗೆ ಇನ್ನೂ ತಮ್ಮ ವಿಶ್ವಾಸಿ,
'ಇಲ್ಲ' ಮನೆತನದ ಹಿರಿಯ ಮಗಳು

ತಾ.ಕ.: ಆಸ್ಪತ್ರೆಗೆ ನಾನು ಕೊಟ್ಟ ದೂರು ಮೂರು ದೇಶ ಸುತ್ತಿ ಕೊನೆಗೆ ನನ್ನ ಮೇಜಿಗೇ ಬಂತು. ಚಿಕಿತ್ಸೆ ಮುಗಿದಿದೆಯೆಂದು ಬರೆದು ಮುಚ್ಚಿಬಿಡು ಎಂದರು ಮ್ಯಾನೇಜರು. ನಾನು ಆ ದೂರನ್ನೇ ಕ್ಲೈಂಟಿಗೆ ಹೋಗುವ ವರದಿಯ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಹಾಕಿ ಕಳಿಸಿದೆ. "ಏನಮ್ಮಾ ಇದು, ಕ್ಲೈಂಟ್ ನೋಡಿಬಿಟ್ರೆ?" ಎಂದು ಅವರು ಓಡಿಬಂದರು. "ನೋಡ್ಲಿ ಅಂತಲೇ ಹಾಕಿದ್ದು ಸಾರ್, ನಮ್ಮಮ್ಮನಿಗಂತೂ ಕಾಣಲ್ಲ" ಎಂದೆ.