ಶರಣಪ್ಪ ಮಾಸ್ತರರ ಕೆಂಪು

ಅರ್ಥವಾಗದ್ದಕ್ಕೆಲ್ಲ ಅರ್ಥವಾದವನಂತೆ ತಲೆಯಾಡಿಸುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಗಣಿತದ ತರಗತಿಯಲ್ಲಿ ಹೀಗೆ ತಲೆಯಾಡಿಸಿಯೇ ಎರಡು ಸಲ ಫೇಲಾದೆ, ಆದರೂ ಬುದ್ಧಿ ಬರಲಿಲ್ಲ. ಕಲಬುರಗಿಯಲ್ಲಿ ಮನೆ ಕಟ್ಟಿಸಿದಾಗ ಗೆಳೆಯರಾದ ಕಮಲಾಪುರದ ಡ್ರಾಯಿಂಗ್ ಮಾಸ್ತರ ಶರಣಪ್ಪ ತಾವೇ ಬರೆದ ಜಲವರ್ಣದ ಅಮೂರ್ತ ಚಿತ್ರವೊಂದನ್ನು ಕೊಟ್ಟರು. ಮನುಷ್ಯರಿಲ್ಲ, ಮರವಿಲ್ಲ, ಒಂದರೊಳಗೊಂದು ಹರಿದ ಬಣ್ಣಗಳಷ್ಟೇ. ನಾನು ತಲೆಯಾಡಿಸಿದೆ. “ಗಾಜ ಹಾಕಸ್ರಿ ಸರ್,” ಎಂದರು. ಕಲೆಗೂ ಕಣ್ಣಿಗೂ ನಡುವೆ ಗಾಜಿರಬಾರದೆಂದು ಅವರಿಗೇ ಉಪದೇಶ ಮಾಡಿ, ಬರೀ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದೆ. ಎರಡು ವರ್ಷ, ಬಂದವರಿಗೆಲ್ಲ ಅದರ ಆಳ, ಅದರ ಮೌನ ಎಂದು ಚಹಾ ಆರುವವರೆಗೆ ಕೊರೆದೆ.

ಹೋದ ದೀಪಾವಳಿಗೆ ಹೆಂಡತಿ ಅದೇ ಗೋಡೆಯ ಮುಂದೆ ನನ್ನನ್ನು ಕೂರಿಸಿ ಆರತಿ ಮಾಡಿದಳು. ಮರುದಿನ ನೋಡಿದರೆ ಚಿತ್ರದ ಕೆಳಮೂಲೆಯಲ್ಲಿ ಕೆಂಪು ಕಲೆ. ಆರತಿಯ ಕೆಂಪು ನೀರು ಸಿಡಿದಿರಬೇಕೆಂದು ಒದ್ದೆ ಬಟ್ಟೆ ತಂದು ಉಜ್ಜಿದೆ. ಸಲೀಸಾಗಿ ಹೋಯಿತು. ಆ ಖುಷಿಯಲ್ಲಿ ಇನ್ನೊಂದು ಹೋಳಿಗೆ ತಿಂದೆ.

ವಾರದೊಳಗೆ ಮಾಸ್ತರರು ತಮ್ಮೂರಿನ ಕೆಂಪು ಬಾಳೆಹಣ್ಣು ಹಿಡಿದು ಬಂದರು. ಚಿತ್ರದ ಮುಂದೆ ನಿಂತು ಕೆಳಮೂಲೆಯತ್ತ ಬೆರಳು ತೋರಿಸಿದರು.

“ಸರ್, ಇಲ್ಲಿ ಕೆಂಪ ಇತ್ತಲ್ರಿ? ನಮ್ಮಪ್ಪನ ಬಾಳಿ ತ್ವಾಟದ ಕೆಂಪ. ಅದೊಂದರ ಸಲುವಾಗೇ ಉಳಿದದ್ದೆಲ್ಲಾ ಬರ್ದಿದ್ದೆ ನೋಡ್ರಿ.”

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಉಜ್ಜಿದ್ದು ಒಂದು ಕಡೆ ಇರಲಿ, ಎರಡು ವರ್ಷ ಭಾಷಣ ಬಿಗಿದವನು ಆ ಕೆಂಪನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ. ನಿಜ ಹೇಳಬೇಕಿತ್ತು. “ನಮ್ಮ ಕಲಬುರಗಿ ಬಿಸಲ ನಿಮಗ ಗೊತ್ತದಲ್ರಿ ಮಾಸ್ತರ, ಬಣ್ಣ ಎಲ್ಲಾ ಹೀರಿ ಬಿಡ್ತದ,” ಎಂದೆ.

“ಹೌದ್ರಿ, ಭಾಳ ಬಿಸಲ,” ಎಂದು ಅವರು ಚಿತ್ರವನ್ನು ಇಳಿಸಿಕೊಂಡು ಹೋದರು. ಅವರು ಗೇಟು ದಾಟಿದ ಮೇಲೆ ಹೆಂಡತಿ ಕೇಳಿದಳು: “ಅಲ್ರೀ, ಆ ಗ್ವಾಡಿಗಿ ಯಾವತ್ತರ ಬಿಸಲ ಬಿದ್ದದೇನ್ರಿ?”

ತಿಂಗಳ ನಂತರ ಮಾಸ್ತರರು ಅದೇ ಚಿತ್ರವನ್ನು ತಂದು ತಾವೇ ಮೊಳೆಗೆ ಹಾಕಿದರು. ಕೆಂಪು ಮತ್ತೆ ತನ್ನ ಜಾಗದಲ್ಲಿತ್ತು. ಮೇಲೆ ಗಾಜು, ನಾಲ್ಕೂ ಅಂಚಿಗೆ ಒಂದು ಹನಿಯೂ ಒಳಹೋಗದಂತೆ ಟೇಪು.

“ಇನ್ನ ಬಿಸಲಿಗಿ ಏನೂ ಆಗಂಗಿಲ್ರಿ ಸರ್,” ಎಂದರು, ನಗದೆ.

ಗಾಜು ಬಿಸಿಲನ್ನು ತಡೆಯುವುದಿಲ್ಲ, ಒದ್ದೆ ಬಟ್ಟೆಯನ್ನು ತಡೆಯುತ್ತದೆ. ನಾನು ತಲೆಯಾಡಿಸಿದೆ. ಅರ್ಥವಾಗಿ ತಲೆಯಾಡಿಸಿದ್ದು ಅದೇ ಮೊದಲು.